ಹಸು ದಾಟದ ಸೇತುವೆ

ಸೋಂಗ್ವೆ ನದಿಗೆ ಸೇತುವೆ ಕಟ್ಟಿದ ಎಂಜಿನಿಯರುಗಳು ಲಾರಿಗಳ ತೂಕವನ್ನು ಲೆಕ್ಕ ಹಾಕಿದರು, ಮಳೆಗಾಲದ ನೆರೆಯನ್ನೂ ಲೆಕ್ಕ ಹಾಕಿದರು. ಸೊಸೆಯಂದಿರನ್ನು ಮಾತ್ರ ಮರೆತರು.

ನಮ್ಮಲ್ಲಿ ಸೊಸೆ ಮಾವನ ಮುಖ ನೋಡುವಂತಿಲ್ಲ, ಮಾವ ಸೊಸೆಯ ಮುಖ ನೋಡುವಂತಿಲ್ಲ. ಅವಳು ಅವನೊಡನೆ ಮಾತಾಡಬಾರದು, ಅವನ ಹೆಸರು ಹೇಳಬಾರದು. ದಾರಿಯಲ್ಲಿ ಎದುರಾದರೆ ಅವಳೇ ದಾರಿ ಬಿಟ್ಟು ಬಾಳೆಯ ತೋಟಕ್ಕೋ ಎತ್ತರದ ಹುಲ್ಲಿಗೋ ಇಳಿದು, ಅವನು ಹೋಗುವವರೆಗೆ ಬೆನ್ನು ತಿರುಗಿಸಿ ಕುಳಿತಿರಬೇಕು. ನದಿಯ ಈ ಕಡೆ ಟಾಂಜಾನಿಯಾ, ಆ ಕಡೆ ಮಲಾವಿ. ಸರ್ಕಾರ ಬೇರೆ, ದುಡ್ಡು ಬೇರೆ, ಆದರೆ ಜನ ಒಂದೇ ಆದ್ದರಿಂದ ಈ ಕಟ್ಟಳೆಯೂ ಒಂದೇ. ಸೇತುವೆಯ ಮೇಲೆ ತೋಟವಿಲ್ಲ, ಹುಲ್ಲಿಲ್ಲ. ಒಂದು ಮಗ್ಗುಲಲ್ಲಿ ಲಾರಿ, ಇನ್ನೊಂದು ಮಗ್ಗುಲಲ್ಲಿ ಕಬ್ಬಿಣದ ಕಂಬಿ, ಕೆಳಗೆ ಕೆಂಪು ನೀರು. ಮಾವ ಎದುರಿಗೆ ಬಂದರೆ ಇಳಿಯುವುದು ಎಲ್ಲಿಗೆ?

ಇದಕ್ಕೊಂದು ಪರಿಹಾರ ಕಂಡುಕೊಂಡವರು ಸೈಕಲ್ ಬಾಡಿಗೆಯವರು. ಹಿಂದಿನ ಕ್ಯಾರಿಯರಿಗೆ ಮೆತ್ತೆ ಕಟ್ಟಿ, ಎರಡು ಗಡಿಠಾಣೆಗಳ ನಡುವೆ ದಿನವಿಡೀ ಜನರನ್ನು ಸಾಗಿಸುವ ಇವರಿಗೆ ಯಾರ ಮಾವ ಯಾರು ಎಂಬುದು ಬಾಯಿಪಾಠ. ಸೇತುವೆಯ ಮೇಲೆ ಸೊಸೆಯೊಬ್ಬಳು ಹೋಗುತ್ತಿದ್ದು ಎದುರಿಗೆ ಅವಳ ಮಾವ ಬರುತ್ತಿದ್ದರೆ, ಇವರು ಮೊದಲೇ ಬಂದು ಗಂಟೆ ಬಾರಿಸಿ, “ದೊಡ್ಡವರು ಬಂದ್ರು” ಎನ್ನುತ್ತಾರೆ. ಅವಳು ಕಂಬಿಯ ಕಡೆ ತಿರುಗಿ ತಲೆಯ ಮೇಲೆ ಬಟ್ಟೆ ಎಳೆದುಕೊಳ್ಳುತ್ತಾಳೆ. ಮಾವ ದಾಟಿ ಹೋಗುತ್ತಾನೆ. ಹೊಸದಾಗಿ ಬಂದ ಲಾರಿ ಚಾಲಕರು, ಈ ಹೆಂಗಸು ನದಿಗೆ ಹಾರುವವಳಿದ್ದಾಳೆ ಎಂದು ಗಾಬರಿಯಾಗುವುದುಂಟು.

ಅಂಗೆಟಿಲೆ ಟಾಂಜಾನಿಯಾ ಕಡೆಯ ಸಂತೆಯಲ್ಲಿ ಅಕ್ಕಿ ಮಾರುವವಳು. ಗಂಡ ಲುಸಾಜೊ ಲಾರಿ ಓಡಿಸುತ್ತಾನೆ. ಮಾವ ಗ್ವಮಾಕ ಮಲಾವಿ ಕಡೆ ಇದ್ದಾನೆ. ಅವನೇನೂ ದೇಶ ಬಿಟ್ಟು ಹೋದವನಲ್ಲ. ಹಿಂದೊಮ್ಮೆ ದೊಡ್ಡ ನೆರೆ ಬಂದಾಗ, ಸೇತುವೆಗಿಂತ ಮೇಲೆ ನದಿ ತನ್ನ ಹಾದಿ ಬದಲಿಸಿ ಅವನ ಹಿತ್ತಿಲಿನಾಚೆ ಹರಿಯುತ್ತಿದ್ದದ್ದು ಮುಂಬಾಗಿಲಿನಾಚೆ ಹರಿಯತೊಡಗಿತು. ಮನೆ ಅಲ್ಲೇ ಇತ್ತು, ದೇಶ ಬದಲಾಯಿತು. ಮಕ್ಕಳು ಈಚೆ ಬಂದರು. ಗ್ವಮಾಕ, “ಕದಲಿದ್ದು ನದಿ, ನಾನ್ಯಾಕೆ ಕದಲಲಿ?” ಎಂದು ಕೂತುಬಿಟ್ಟ.

ಅವನ ಎರಡು ಕಣ್ಣಿಗೂ ಪೊರೆ ಬಂದು ಮೂರು ವರ್ಷವಾಗಿತ್ತು. ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ಗೊತ್ತಾಗುತ್ತಿರಲಿಲ್ಲ. ಹೆಂಡತಿ ಅದೇ ವರ್ಷ ತೀರಿಕೊಂಡಳು. ಅವನ ತಂಗಿ ಸೆಕೆಲಾ, ಗಂಡ ಸತ್ತವಳು, ಪಕ್ಕದ ಮನೆಯಲ್ಲೇ ಇದ್ದು ಅಣ್ಣನಿಗೆ ಅಡುಗೆ ಮಾಡಿ ಹಾಕುತ್ತಾಳೆ ಎಂಬುದು ಎರಡು ದಡದವರೂ ಒಪ್ಪಿಕೊಂಡ ಮಾತು.

ಆ ವಾರ ಈ ಕಡೆಯ ಮಿಷನ್ ದವಾಖಾನೆಗೆ ಕಣ್ಣಿನ ಡಾಕ್ಟರುಗಳು ಬಂದಿದ್ದರು. ಶುಕ್ರವಾರ ಕೊನೆಯ ದಿನ. ಅಂದು ಮಧ್ಯಾಹ್ನ ಮೂರರ ಹೊತ್ತಿಗೆ ಆಪರೇಷನ್ ನಿಲ್ಲಿಸಿ, ಶನಿವಾರ ಪಟ್ಟಿ ಬಿಚ್ಚಿ ಹೊರಡುವವರು. ಮತ್ತೆ ಯಾವಾಗ ಬರುತ್ತಾರೆಂದು ಅವರಿಗೇ ಗೊತ್ತಿರಲಿಲ್ಲ. ಗ್ವಮಾಕನಿಗೆ ಶುಕ್ರವಾರವೇ ಬರಲು ಹೇಳಿದ್ದರು. ರಾತ್ರಿ ಜೊತೆಗಿರಲು ಮನೆಯವರೊಬ್ಬರು ಬೇಕೇ ಬೇಕೆಂದೂ ಹೇಳಿದ್ದರು. ಕಿರಿಯ ಮಗ ಲುಗಾನೊ ಬಂದು ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು.

ಶುಕ್ರವಾರ ಬೆಳಿಗ್ಗೆ ಅಂಗೆಟಿಲೆ ಅಕ್ಕಿ ಕೇರುತ್ತಿದ್ದಾಗ ಲುಗಾನೊ ಫೋನ್ ಮಾಡಿದ. ಅವನು ಇನ್ನೂ ದೂರದ ಎಂಬೆಯಾ ಪಟ್ಟಣದಲ್ಲೇ ಇದ್ದ.

“ಬಸ್ಸು ಕೆಟ್ಟಿತು ಅತ್ತಿಗೆ.”

“ಬಸ್ಸು ಕೆಟ್ಟಿತೋ, ನೀನು ಎದ್ದಿದ್ದು ಲೇಟಾಯ್ತೋ?”

“ಎರಡೂ ಆಯ್ತು.”

ಅವಳು ಗಂಡನಿಗೆ ಫೋನ್ ಮಾಡಿದಳು. ಅವನು ದಾರ್ ಎಸ್ ಸಲಾಮ್ ಬಂದರಿನ ಹೊರಗೆ ಲಾರಿಗಳ ಸಾಲಿನಲ್ಲಿದ್ದ.

“ನೀನೇ ಕರ್ಕೊಂಡು ಹೋಗು,” ಎಂದ.

“ಹೆಂಗೆ ಕರ್ಕೊಂಡು ಹೋಗ್ಲಿ? ಮುಖ ನೋಡೋ ಹಂಗಿಲ್ಲ, ಕೈ ಹಿಡಿಯೋ ಹಂಗಿಲ್ಲ, ಹೆಸರು ಹೇಳೋ ಹಂಗಿಲ್ಲ. ಬೆನ್ನಿಗೆ ಮೂಟೆ ಕಟ್ಕೊಂಡು ಹೋಗ್ಲಾ?”

“ಹೆಂಗಾದ್ರೂ ಮಾಡು ಮಾರಾಯ್ತಿ. ಸಾಲು ಮುಂದಕ್ಕೆ ಹೋಯ್ತು, ಇಡ್ತೀನಿ.”

ಈ ಮನೆತನದ ಗಂಡಸರಿಗೆ ‘ಹೆಂಗಾದ್ರೂ’ ಎಂಬುದೇ ಒಂದು ಉಪಾಯ. ಅವಳು ಅಂಗಡಿಯನ್ನು ಪಕ್ಕದವಳಿಗೆ ಒಪ್ಪಿಸಿ, ಸೈಕಲ್ಲಿನ ಇಪ್ಯಾನನನ್ನು ಕರೆದುಕೊಂಡು ಸೇತುವೆ ದಾಟಿದಳು.

ಇಪ್ಯಾನ ಮೂರು ಮಕ್ಕಳ ತಂದೆ. ನಿಧಾನಸ್ಥ, ಆದರೆ ಬಾಯಿ ಮಾತ್ರ ನಿಲ್ಲುವುದಿಲ್ಲ. ಅವನನ್ನು ಮಾವನ ಮನೆಗೆ ಕಳಿಸಿ, ತಾನು ಮಲಾವಿ ತುದಿಯಲ್ಲಿ ಗೊಬ್ಬರದ ಲಾರಿಯೊಂದರ ಹಿಂದೆ ನಿಂತಳು. ಹೊತ್ತು ಹೋಗುತ್ತಲೇ ಇತ್ತು. ಕೊನೆಗೆ ಚಹಾ ಅಂಗಡಿಯ ತಿರುವಿನಲ್ಲಿ ಸೈಕಲ್ ಕಾಣಿಸಿತು. ಕರಿಯ ಕೋಟು ತೊಟ್ಟ ಮುದುಕ ಕ್ಯಾರಿಯರಿನ ಮೇಲೆ ಒಂದೇ ಮಗ್ಗುಲಿಗೆ ಕಾಲು ಬಿಟ್ಟು ಕೂತಿದ್ದ. ಪಕ್ಕದಲ್ಲಿ ಸೆಕೆಲಾ ನಡೆದು ಬರುತ್ತಿದ್ದಳು, ಅವಳ ಕೈಯಲ್ಲೊಂದು ಹಗ್ಗ, ಹಗ್ಗದ ತುದಿಯಲ್ಲೊಂದು ಕಂದು ಹಸು. ಅಂಗೆಟಿಲೆ ಅಷ್ಟು ನೋಡಿ ಮುಖ ತಿರುಗಿಸಿದಳು. ಈ ಅತ್ತೆಗೆ ಅಣ್ಣನ ಕಣ್ಣಿನ ದಿನವೇ ಹಸು ಮೇಯಿಸಬೇಕೇ ಎಂದು ಸಿಟ್ಟೂ ಬಂತು.

ಸೆಕೆಲಾ ಹಸುವನ್ನು ಕಂಬಕ್ಕೆ ಕಟ್ಟಿ ಲಾರಿಯ ಹಿಂದಕ್ಕೆ ಬಂದಳು.

“ಲುಗಾನೊ ಎಲ್ಲಿ?”

“ಎಂಬೆಯಾದಲ್ಲಿ. ನೀವೇ ಬನ್ನಿ ಅತ್ತೆ. ನೀವು ದೊಡ್ಡವರ ಜೊತೆ ರಾತ್ರಿ ಇರಿ, ನಾನು ಊಟ ತಂದು ಬಾಗಿಲ ಹೊರಗಿಡ್ತೀನಿ.”

“ನಾನಾ? ಈ ಸೇತುವೆ ಮೇಲಾ?” ಸೆಕೆಲಾ ಒಂದು ಹೆಜ್ಜೆ ಹಿಂದೆ ಸರಿದಳು. “ನಾನು ಇದರ ಮೇಲೆ ಕಾಲಿಟ್ಟೋಳಲ್ಲ. ಲಾರಿ ಬಂದ್ರೆ ಅಲ್ಲಾಡ್ತದೆ. ನಾನು ದೋಣೀಲಿ ಹೋಗೋಳು.”

“ಈ ನೆರೇಲಿ ದೋಣಿ ಎಲ್ಲಿದೆ?”

“ಇಲ್ಲ. ಅದಕ್ಕೇ ಬರಲ್ಲ.”

ವಾದ ಮಾಡಿ ಲಾಭವಿರಲಿಲ್ಲ. ಅಂಗೆಟಿಲೆಯೇ ಮುಂದಾಗಿ ಸೇತುವೆ ದಾಟಿ ಆ ತುದಿಯಲ್ಲಿ ಕಾಯುವುದು, ಇಪ್ಯಾನ ಮುದುಕನನ್ನು ಹಿಂದಿನಿಂದ ಕರೆತರುವುದು, ದವಾಖಾನೆಯಲ್ಲಿ ಮುಂದಿನದು ನೋಡಿಕೊಳ್ಳುವುದು ಎಂದಾಯಿತು. ಅವಳು ಸರಸರನೆ ದಾಟಿ, ಟಾಂಜಾನಿಯಾ ತುದಿಯಲ್ಲಿ ಬೆನ್ನು ತಿರುಗಿಸಿ ನಿಂತಳು. ಗಂಟೆಯ ಸದ್ದಿಗೆ ಕಿವಿಗೊಟ್ಟಳು. ಲಾರಿಗಳ ಹಾರನ್ ಕೇಳಿಸಿತು. ಒಂದು, ಆಮೇಲೆ ಒಟ್ಟಿಗೆ ನಾಲ್ಕೈದು. ಇಪ್ಯಾನ ಖಾಲಿ ಸೈಕಲ್ ತಳ್ಳಿಕೊಂಡು ಬಂದ.

“ಇಳಿದುಬಿಟ್ರು ಅಕ್ಕ. ನಟ್ಟ ನಡುವೆ.”

“ಯಾಕೆ?”

“ಹುಡುಗನೊಬ್ಬ ಹಿಂದಿನಿಂದ ಹಸುನ ಹೊಡ್ಕೊಂಡು ಬರ್ತಿದ್ದ, ತಡೆದ್ರಂತೆ. ಪಶು ಇಲಾಖೆಯವರು. ಹಿಂದಿನಿಂದ ಸೆಕೆಲಜ್ಜಿ ಕೂಗಿದ್ದು ಅಜ್ಜನಿಗೆ ಕೇಳಿಸ್ತು. ಹಸು ಬರದೆ ನಾನೂ ಬರಲ್ಲ ಅಂತ ಇಳಿದು ಕಂಬಿ ಹಿಡ್ಕೊಂಡು ನಿಂತವ್ರೆ.”

“ಹಸು ಯಾಕೆ ಬರಬೇಕಿತ್ತು?”

ಇಪ್ಯಾನ ತಲೆ ಕೆರೆದುಕೊಂಡ. “ನಿಮಗೆ ಕೊಡೋಕಂತೆ.”

ಇಲ್ಲಿ ಒಂದು ಮಾತು ಹೇಳಬೇಕು. ಈ ಕಟ್ಟಳೆಗೆ ನಮ್ಮ ಹಿರಿಯರೇ ಒಂದು ಬಾಗಿಲು ಇಟ್ಟಿದ್ದಾರೆ. ಮಾವ ಮುದುಕನಾಗಿ, ನೋಡಿಕೊಳ್ಳುವವರಿಲ್ಲದೆ ಹೋದರೆ, ಅವನು ಸೊಸೆಗೆ ಒಂದು ಹಸು ಕೊಟ್ಟು ಅವಳನ್ನು ಬಿಡುಗಡೆ ಮಾಡಬಹುದು. ಹಸುವನ್ನು ಅವಳ ಅಂಗಳಕ್ಕೆ ನಡೆಸಿಕೊಂಡು ಹೋಗಿ ಹಗ್ಗವನ್ನು ಅವಳ ಕೈಗೆ ಕೊಡಬೇಕು. ಅಲ್ಲಿಂದ ಮುಂದೆ ಅವಳು ಮಗಳಿದ್ದಂತೆ; ನೋಡಬಹುದು, ಮಾತಾಡಬಹುದು, ಬಡಿಸಬಹುದು. ಮಾಡುವವರು ಕಡಿಮೆ, ಏಕೆಂದರೆ ಹಸು ಹಸುವೇ.

ಅಂಗೆಟಿಲೆಗೆ ಇದು ಗೊತ್ತಿತ್ತು. ಗೊತ್ತಿಲ್ಲದ್ದೆಂದರೆ, ಡಾಕ್ಟರು ಕತ್ತರಿ ಹಿಡಿದು ಕಾಯುತ್ತಿರುವ ದಿನವೇ, ಎರಡು ದೇಶಗಳ ನಡುವೆ ನಿಂತು ಇದನ್ನು ಯಾರಾದರೂ ಯಾಕೆ ನೆನೆಯಬೇಕು ಎಂಬುದು.

“ಹೋಗಿ ಹೇಳು, ಹಸು ಆಮೇಲೆ ಅಂತ.”

“ಹೇಳ್ದೆ. ಆಗಲ್ಲ ಅಂದ್ರು.”

“ಎತ್ಕೊಂಡು ಬಾ.”

“ಯಾರನ್ನ, ಅಜ್ಜನ್ನಾ ಹಸುನಾ?”

ಅವಳು ಅವನತ್ತ ನೋಡಿದ ನೋಟಕ್ಕೆ ಇಪ್ಯಾನನ ಬಾಯಿ ಮುಚ್ಚಿತು. ಅಂಗೆಟಿಲೆ ತಲೆಯ ಮೇಲೆ ಬಟ್ಟೆ ಎಳೆದುಕೊಂಡು, ಕಂಬಿಗೆ ಮುಖ ಮಾಡಿಯೇ ಅಡ್ಡಡ್ಡ ಹೆಜ್ಜೆ ಹಾಕುತ್ತಾ ಸೇತುವೆಯ ನಡುವಿಗೆ ಹೋದಳು. ಏಡಿಯ ಹಾಗೆ ನಡೆಯುವ ಹೆಂಗಸಿಗೆ ದಾರಿ ಬಿಡಲು ಲಾರಿಯೊಂದು ನಿಂತಿತು. ಅದರ ಹಿಂದೆ ಉಳಿದವೂ ನಿಂತವು. ಮುದುಕನ ಕೋಟು ಕಣ್ಣಂಚಿಗೆ ಕಂಡೊಡನೆ ಅವಳೂ ನಿಂತಳು. ಇಬ್ಬರೂ ಒಂದೇ ಕಂಬಿ ಹಿಡಿದು ಒಂದೇ ನೀರಿನ ಕಡೆ ಮುಖ ಮಾಡಿದ್ದರು.

ಮಾವನೊಡನೆ ಮಾತಾಡುವಂತಿಲ್ಲ. ಕಂಬಿಯೊಡನೆ ಮಾತಾಡಬಾರದೆಂದು ಯಾರೂ ಹೇಳಿಲ್ಲ.

“ಏ ಕಂಬಿ,” ಎಂದಳು ಅಂಗೆಟಿಲೆ. “ಅಲ್ಲಿ ನಿಂತಿರೋ ದೊಡ್ಡವರಿಗೆ ಹೇಳು. ಡಾಕ್ಟ್ರು ಮೂರು ಗಂಟೆಗೆ ಗಂಟು ಕಟ್ತಾರೆ.”

ಮುದುಕ ಗಂಟಲು ಸರಿ ಮಾಡಿಕೊಂಡ.

“ಏ ಕಂಬಿ, ಕೇಳಿಸ್ತು ಅಂತ ಹೇಳು.”

“ಕೇಳಿಸಿದ್ಮೇಲೆ ಸೈಕಲ್ ಹತ್ತೋಕೆ ಹೇಳು.”

“ಹಸು ಬಂದ್ರೆ ಹತ್ತುತಾರೆ ಅಂತ ಹೇಳು.”

“ಹಸು ಬಂದು ಆಪರೇಷನ್ ಮಾಡ್ತದಾ ಅಂತ ಕೇಳು.”

“ಈ ಹುಡುಗಿಗೆ ಬಾಯಿ ಜಾಸ್ತಿ ಅಂತ ಹೇಳು.”

“ಇಪ್ಪತ್ತು ವರ್ಷ ಬಾಯಿ ಮುಚ್ಕೊಂಡಿದ್ದೋಳು ಅಂತ ನೆನಪು ಮಾಡು.”

ಲಾರಿ ಚಾಲಕನೊಬ್ಬ ಕಿಟಕಿಯಿಂದ ತಲೆ ಹೊರಹಾಕಿದ. “ಅಮ್ಮಾ, ಕಂಬಿ ಜೊತೆ ಮಾತು ಮುಗೀತಾ? ನನ್ನ ಲಾರೀಲಿ ಟೊಮೇಟೊ ಇದೆ.”

“ಟೊಮೇಟೊಗೆ ಮಾವ ಇಲ್ಲ ಅಲ್ವಾ? ಹಾಗಾದ್ರೆ ಕಾಯ್ತದೆ ಬಿಡಪ್ಪ,” ಎಂದಳು ಅವಳು, ತಿರುಗದೆ.

ಜನ ಸೇರಿತು. ಸೇರದಿದ್ದರೆ ಆಶ್ಚರ್ಯ. ಅಕ್ಕಿಯ ದಲ್ಲಾಳಿಯೊಬ್ಬ, ಮುದುಕನಿಗೆ ಹೇಗೂ ಕಣ್ಣು ಕಾಣುವುದಿಲ್ಲ, ಸೊಸೆ ಯಾಕೆ ಮುಸುಕು ಹಾಕಬೇಕು ಎಂದ. ಕಾಣುವುದು ಮುಖ್ಯವಲ್ಲ, ಇರುವುದು ಮುಖ್ಯ ಎಂದು ಚರ್ಚಿನ ಹಿರಿಯನೊಬ್ಬ ತಿದ್ದಿದ. ಹಸುವಿನ ಬದಲು ಕೋಳಿ ಆದೀತೇ ಎಂದು ದಲ್ಲಾಳಿ ಕೇಳಿದ. ಕೋಳಿಗೆ ಬಿಡುಗಡೆಯಾಗುವ ಸೊಸೆ ಕೋಳಿಯಷ್ಟೇ ದಿನ ಬಾಳುತ್ತಾಳೆ ಎಂದು ಹಿರಿಯ ಹೇಳಿದ. ಇಬ್ಬರೂ ಬಿಸಿಯಾದರು. ಯಾರೂ ಮುದುಕನನ್ನು ಸೈಕಲ್ ಹತ್ತಿಸಲು ಕೈ ಹಾಕಲಿಲ್ಲ.

ಪಶು ಇಲಾಖೆಯ ಅಧಿಕಾರಿ ತಾನೇ ನಡೆದು ಬಂದ. ಒಳ್ಳೆಯ ಮನುಷ್ಯ, ತಾಳ್ಮೆಯವನು.

“ಅಜ್ಜ, ನನ್ನ ಮೇಲೆ ಸಿಟ್ಟು ಬೇಡ. ರೋಗ ಇಲ್ಲ ಅಂತ ಡಾಕ್ಟ್ರು ಬರೆದುಕೊಟ್ಟ ಕಾಗದ ಇಲ್ದೆ ದನ ಗಡಿ ದಾಟೋ ಹಾಗಿಲ್ಲ. ನನ್ನಪ್ಪ ಬಂದ್ರೂ ಅಷ್ಟೇ.”

“ಈ ಹಸುಗೆ ರೋಗ ಇಲ್ಲ. ನನಗಿದೆ. ನನ್ನನ್ನ ಬಿಟ್ರಿ, ಅದನ್ನ ತಡೆದ್ರಿ,” ಎಂದ ಗ್ವಮಾಕ.

“ನೀವು ಹುಲ್ಲು ತಿನ್ನಲ್ವಲ್ಲ ಅಜ್ಜ.”

“ನನ್ನ ಕೊಟ್ಟಿಗೆ ಮೊದಲು ಆ ದೇಶದಲ್ಲೇ ಇತ್ತು. ನದಿನ ಕೇಳು.”

“ನದಿ ಕಾಗದ ಕೊಟ್ರೆ ತಗೊಂಡು ಬನ್ನಿ, ಬಿಡ್ತೀನಿ.”

ಅಂಗೆಟಿಲೆಯ ಸಹನೆ ಅಲ್ಲಿಗೆ ಮುಗಿಯಿತು.

“ಏ ಕಂಬಿ,” ಎಂದಳು. “ನಾನು ಅಂಗಡಿ ಬಿಟ್ಟು ಬಂದಿದ್ದೀನಿ. ಕಣ್ಣು ಬಂದ್ರೆ ದೊಡ್ಡೋರು ತಾವೇ ನಡೀತಾರೆ, ತಾವೇ ದನ ನೋಡ್ಕೋತಾರೆ, ಎಲ್ಲರಿಗೂ ನೆಮ್ಮದಿ ಅಂತ ಬಂದಿದ್ದೀನಿ. ಬೇಡ ಅಂದ್ರೆ ಬೇಡ ಅಂತ ಹೇಳೋಕೆ ಹೇಳು. ಹಸು ನೆಪ ಬೇಡ. ಕತ್ತರಿ ಅಂದ್ರೆ ಹೆದರಿಕೆ ಇದ್ರೆ ಹೆದರಿಕೆ ಅಂತ ಹೇಳಲಿ.”

ದಲ್ಲಾಳಿ, ಹಿರಿಯ ಇಬ್ಬರೂ ಕೋಳಿಯನ್ನು ಬಿಟ್ಟು ಕಿವಿ ಈ ಕಡೆ ಇಟ್ಟರು.

“ಏ ಕಂಬಿ,” ಎಂದ ಗ್ವಮಾಕ. “ಹೋದ ಭಾನುವಾರ ಬಾಳೆಕಾಯಿಗೆ ಉಪ್ಪು ಜಾಸ್ತಿ ಆಗಿತ್ತು ಅಂತ ಹೇಳು.”

ಭಾನುವಾರದ ಬಾಳೆಕಾಯಿ ಬೇಯಿಸಿದ್ದು ಅಂಗೆಟಿಲೆ. ಮೂರು ವರ್ಷದಿಂದ, ದಿನ ಬಿಟ್ಟು ದಿನ ಸೇತುವೆ ದಾಟಿ, ಅವನ ಹಿತ್ತಿಲಲ್ಲಿ ಒಲೆ ಹೂಡಿ, ಪಾತ್ರೆಯನ್ನು ಸದ್ದಾಗದಂತೆ ಅವನ ಮುಂದಿಟ್ಟು ಬರುತ್ತಿದ್ದವಳು ಅವಳು. ಸೆಕೆಲಾ ಬಂದು, “ಅಣ್ಣ, ಊಟ ಮಾಡು” ಎನ್ನುತ್ತಿದ್ದಳು, ಅಷ್ಟೇ. ಅವನಿಗೆ ಕಾಣುವುದಿಲ್ಲ, ಆದ್ದರಿಂದ ತಪ್ಪಿಲ್ಲ ಎಂದು ಇಬ್ಬರು ಹೆಂಗಸರೂ ಸೇರಿ ತೀರ್ಮಾನಿಸಿದ್ದರು.

“ಸೆಕೆಲಾ ಉಪ್ಪು ಹಾಕೋದನ್ನೇ ಮರೀತಾಳೆ,” ಎಂದು ಅವನು ಮುಂದುವರಿಸಿದ. “ಅವಳಾಗಿದ್ರೆ ಕಾಲೆಳ್ಕೊಂಡು ನಡೀತಾಳೆ. ಇವಳ ಹೆಜ್ಜೆ ಬೇರೆ. ಮೊದಲನೇ ವಾರದಿಂದ ಗೊತ್ತು ನನಗೆ. ಕಣ್ಣು ಹೋಗಿದ್ದಕ್ಕೆ ಇವಳು ನನ್ನ ಅಂಗಳಕ್ಕೆ ಬಂದ್ಲು. ಇವತ್ತು ಕಣ್ಣು ಬಂದ್ರೆ ನಾಳೆಯಿಂದ ಮತ್ತೆ ತೋಟದಲ್ಲಿ ಬೆನ್ನು ತಿರುಗಿಸಿ ಕೂತ್ಕೋಬೇಕು. ಆಗ ಈ ಕಣ್ಣಿಟ್ಕೊಂಡು ನಾನೇನು ನೋಡ್ಲಿ? ಸೆಕೆಲಾ ಮುಖವಾ? ಅದಕ್ಕೇ ಹಸು ಮೊದಲು, ಕಣ್ಣು ಆಮೇಲೆ. ಹಾಗಂತ ಹೇಳು.”

ಲಾರಿ ಚಾಲಕ ಹಾರನ್ನಿನಿಂದ ಕೈ ತೆಗೆದ.

ಇಂಥ ಮಾತು ಕೇಳಿದವಳ ಕಣ್ಣಲ್ಲಿ ನೀರು ಬಂದಿರಬೇಕೆಂದು ಅಲ್ಲಿದ್ದ ಕೆಲವರು ಈಗಲೂ ಹೇಳುತ್ತಾರೆ. ಅವಳ ಹತ್ತಿರವೇ ಇದ್ದ ಇಪ್ಯಾನ ಹೇಳುವುದು ಬೇರೆ. ಅವಳಿಗೆ ಬಂದದ್ದು ಸಿಟ್ಟು, ಮೊದಲಿಗಿಂತ ಹೆಚ್ಚಿನ ಸಿಟ್ಟು.

“ಗೊತ್ತಿತ್ತಾ?” ಎಂದಳು. “ಮೂರು ವರ್ಷ ಗೊತ್ತಿತ್ತಾ? ನಾನು ಪಾತ್ರೆ ಸದ್ದು ಮಾಡ್ದೆ, ಕೆಮ್ಮು ಬಂದ್ರೆ ಬಾಯಿಗೆ ಬಟ್ಟೆ ತುರುಕ್ಕೊಂಡು, ಬೆಕ್ಕಿನ ಹಾಗೆ ಓಡಾಡಿದ್ದು ಎಲ್ಲಾ ಗೊತ್ತಿತ್ತಾ? ಹಸು ಮೂರು ವರ್ಷದಿಂದ ಕೊಟ್ಟಿಗೇಲೇ ಇತ್ತಲ್ಲ ಕಂಬಿ. ನಿನ್ನೆ ಕೊಡಬಹುದಿತ್ತು. ಮೊನ್ನೆ ಕೊಡಬಹುದಿತ್ತು.”

“ನಿನ್ನೆ ಕೊಟ್ಟಿದ್ರೆ ನನಗೆ ಮೊದಲೇ ಗೊತ್ತಿತ್ತು ಅಂತ ಆಗ್ತಿತ್ತು,” ಎಂದ ಮುದುಕ. “ಅವಳಿಗೂ ನಾಚಿಕೆ, ನನಗೂ ನಾಚಿಕೆ.”

“ಈಗ ನಡುಸೇತುವೇಲಿ ಎರಡು ದೇಶದೋರು ಕೇಳಿಸ್ಕೊಂಡ್ರಲ್ಲ, ಈಗ ನಾಚಿಕೆ ಇಲ್ವಾ?”

ದಲ್ಲಾಳಿ ಸಮಯ ನೋಡಿ ಎರಡು ಗಂಟೆ ಎಂದ.

ಅಷ್ಟರಲ್ಲಿ ಮಲಾವಿ ತುದಿಯ ಗುಂಪು ಇಬ್ಭಾಗವಾಗಿ ದಾರಿ ಬಿಟ್ಟಿತು. ಸೆಕೆಲಾ ಬರುತ್ತಿದ್ದಳು. ಕಣ್ಣೆರಡೂ ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ಒಂದು ಕೈ ಯಾವುದೋ ಸೈಕಲ್ಲಿನ ಕ್ಯಾರಿಯರ್ ಹಿಡಿದಿತ್ತು, ಇನ್ನೊಂದರಲ್ಲಿ ಹಗ್ಗವಿತ್ತು. ಹಗ್ಗದ ತುದಿಯಲ್ಲಿ ಹಸು ಇರಲಿಲ್ಲ. ಒಂದೊಂದು ಹೆಜ್ಜೆಗೂ ಅವಳು ಅಣ್ಣನನ್ನು, ಅಣ್ಣನ ಮಕ್ಕಳನ್ನು, ಎಂಬೆಯಾದ ಬಸ್ಸನ್ನು, ಸೇತುವೆ ಕಟ್ಟಿದವರ ವಂಶವನ್ನು ಸರದಿಯಂತೆ ಬೈಯುತ್ತಿದ್ದಳು.

“ಹಸು ಎಲ್ಲಿ?” ಎಂದು ಕೇಳಿದ ಹಿರಿಯ.

“ಬಿಚ್ಚಿಬಿಟ್ಟೆ. ಚಹಾ ಅಂಗಡಿ ಬಾಳೆಗೊನೆ ತಿಂತಾ ಇರಬೇಕು. ಅವರು ಬೈಕೊಳ್ಳಲಿ.” ಸೆಕೆಲಾ ಕಣ್ಣು ತೆರೆಯಲಿಲ್ಲ. “ನಾನು ಈ ಮನೆ ಹೆಣ್ಣುಮಗಳು. ನಾನು ಹೇಳ್ತೀನಿ, ಕೇಳಿ. ಹಸು ಕೊಡೋದು ಅಂದ್ರೆ ಹಗ್ಗ ಕೊಡೋದು. ಹಸುನ ಯಾರಾದ್ರೂ ಕೈಯಲ್ಲಿ ಎತ್ತಿ ಕೊಡ್ತಾರಾ? ಸಾಹೇಬ್ರೇ, ಹಗ್ಗಕ್ಕೆ ಕಾಗದ ಬೇಕಾ?”

ಅಧಿಕಾರಿ ಯೋಚಿಸಿದ. ಅವನು ನಿಜವಾಗಿಯೂ ಯೋಚಿಸಿದ, ಅದು ಅವನ ಹೆಚ್ಚುಗಾರಿಕೆ.

“ಹಗ್ಗಕ್ಕೆ ಬೇಡ,” ಎಂದ.

“ಅಂಗಳಕ್ಕೆ ಹೋಗಿ ಕೊಡಬೇಕಲ್ಲ,” ಎಂದು ಹಿರಿಯ ಶುರು ಮಾಡಿದ.

“ನಿನ್ನ ಸೊಸೆಗೆ ನೀನು ಅಂಗಳದಲ್ಲೇ ಕೊಡಪ್ಪ. ಎಷ್ಟು ಕೊಟ್ಟಿದ್ದೀಯ ಇಲ್ಲಿವರೆಗೆ?”

ಹಿರಿಯ ಗುಂಪಿನ ಹಿಂದಕ್ಕೆ ಸರಿದ.

ಸೆಕೆಲಾ ಹಗ್ಗದ ಒಂದು ತುದಿಯನ್ನು ಅಣ್ಣನ ಕೈಗೆ ತುರುಕಿದಳು. ಅವನು ಅದನ್ನು ಬೆರಳುಗಳಿಂದ ಉಜ್ಜಿ, ಮೂಸಿ ನೋಡಿ, ತನ್ನ ಹಸುವಿನದೇ ಎಂದು ಖಾತ್ರಿ ಮಾಡಿಕೊಂಡ. ಆಮೇಲೆ ಹಗ್ಗವಿದ್ದ ಕೈಯನ್ನು ಕಂಬಿಯ ಉದ್ದಕ್ಕೆ ಚಾಚಿದ.

“ಇದು ನಿನಗೆ,” ಎಂದ. ಮೊದಲ ಬಾರಿಗೆ ಕಂಬಿಯನ್ನು ಕರೆಯಲಿಲ್ಲ. “ನನ್ನ ಅಂಗಳ ನಿನ್ನ ಅಂಗಳ. ಬಚ್ಚಿಟ್ಕೋಬೇಡ.”

ಅಂಗೆಟಿಲೆ ಬಟ್ಟೆಯ ಮರೆಯಿಂದ ಕೈ ಚಾಚಿ ಇನ್ನೊಂದು ತುದಿ ಹಿಡಿದಳು. ಮುಖ ತಿರುಗಿಸಲು ಆಗಲಿಲ್ಲ. ಹಗ್ಗ ಬಂದ ಕೂಡಲೇ ಇಪ್ಪತ್ತು ವರ್ಷದ ಕುತ್ತಿಗೆ ತಿರುಗುವುದಿಲ್ಲ.

ಇಲ್ಲಿಗೆ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಟೊಮೇಟೊ ಲಾರಿ ಸ್ವಲ್ಪ ಮುಂದೆ ಸರಿಯಿತು, ಸೇತುವೆ ತುಸು ಕಂಪಿಸಿತು, ಸೆಕೆಲಾ ಇದ್ದಲ್ಲೇ ಕುಸಿದು ಕೂತಳು. ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಹೋಗಲ್ಲ ಎಂದಳು.

“ಇವರನ್ನ ಸೈಕಲ್ಲಿಗೆ ಹಾಕು ಇಪ್ಯಾನ,” ಎಂದಳು ಅಂಗೆಟಿಲೆ.

“ಅಜ್ಜ?”

“ಅಜ್ಜನಿಗೆ ಕಾಲಿದೆ.”

ಹೀಗೆ ಆ ಮೆರವಣಿಗೆ ಹೊರಟಿತು. ಮುಂದೆ ಇಪ್ಯಾನ, ಅವನ ಕ್ಯಾರಿಯರಿನ ಮೇಲೆ ಕಣ್ಣು ಮುಚ್ಚಿ ಅವನ ಸೊಂಟ ತಬ್ಬಿಕೊಂಡ ಸೆಕೆಲಾ. ಹಿಂದೆ ಹಗ್ಗ ಹಿಡಿದ ಸೊಸೆ, ಅದರ ಇನ್ನೊಂದು ತುದಿಯಲ್ಲಿ ಕೋಟಿನ ಗುಂಡಿ ಹಾಕಿಕೊಂಡ ಮಾವ. ಹಗ್ಗ ಸಡಿಲವಾದರೆ ಅವಳು ಬೇಗ ಹೆಜ್ಜೆ ಹಾಕುತ್ತಿದ್ದಳು, ಬಿಗಿಯಾದರೆ ನಿಧಾನಿಸುತ್ತಿದ್ದಳು. ಗಡಿಠಾಣೆಯಲ್ಲಿ ಸಾಲಿನವರು ಅವರನ್ನು ಮುಂದೆ ಬಿಟ್ಟರು. ಮರುಕದಿಂದಲ್ಲ, ಹಾರನ್ ಸದ್ದು ನಿಂತರೆ ಸಾಕಾಗಿತ್ತು.

ದವಾಖಾನೆಯಲ್ಲಿ ನರ್ಸ್ ಒಬ್ಬಳು ಬಾಗಿಲು ಮುಚ್ಚುವುದರಲ್ಲಿದ್ದಳು. ಈ ಕಡೆಯವಳಲ್ಲ, ದೂರದ ದೊಡೊಮಾದವಳು.

“ಬೆಳಿಗ್ಗೆ ಬರೋಕೆ ಹೇಳಿದ್ದು,” ಎಂದಳು.

“ಬೆಳಿಗ್ಗೆನೇ ಹೊರಟಿದ್ದು,” ಎಂದಳು ಅಂಗೆಟಿಲೆ.

“ಎಲ್ಲಿಂದ?”

“ಸೇತುವೆ ಆಚೆಯಿಂದ.”

ನರ್ಸ್ ಕಿಟಕಿಯ ಕಡೆ ನೋಡಿದಳು. ಸೇತುವೆ ಅಲ್ಲಿಂದಲೇ ಕಾಣುತ್ತದೆ. “ರೋಗಿ ಹೆಸರೇನು?”

ಅಂಗೆಟಿಲೆ ಬಾಯಿ ತೆರೆದಳು, ಮುಚ್ಚಿದಳು.

“ಹೆಸರು ಗೊತ್ತಿಲ್ವಾ? ನಿಮಗೆ ಏನಾಗಬೇಕು ಇವರು?”

“ಮಾವ.”

“ಮಾವನ ಹೆಸರೇ ಗೊತ್ತಿಲ್ವಾ?”

“ಗ್ವಮಾಕ,” ಎಂದ ಮುದುಕ ಹಿಂದಿನಿಂದ, ಬೇಸರದಲ್ಲಿ. “ಹಸು ಕೊಟ್ಟಾಯ್ತು, ಹೇಳಬಹುದು ಅವಳು. ಆದ್ರೂ ಹೇಳಲ್ಲ.”

ಒಳಗಿದ್ದ ಡಾಕ್ಟರು ಕೈಗವಸು ಬಿಚ್ಚಿದ್ದವರು ಬೇರೆ ಹಾಕಿಕೊಂಡರು. ಒಂದು ಕಣ್ಣಿಗೆ ಮಾತ್ರ ಸಮಯವಿದೆ, ಇನ್ನೊಂದು ಮುಂದಿನ ಸಲ ಎಂದರು. ಮುದುಕ ಒಪ್ಪಿದ. ರಾತ್ರಿ ಸೆಕೆಲಾ ವಾರ್ಡಿನ ಒಂದು ಮಂಚದ ಮೇಲೆ ಗೊರಕೆ ಹೊಡೆದಳು. ಅಂಗೆಟಿಲೆ ಬಾಗಿಲ ಬಳಿ ಚಾಪೆ ಹಾಸಿಕೊಂಡು, ಮಾವ ನೀರು ಕೇಳಿದಾಗಲೆಲ್ಲ ಲೋಟವನ್ನು ಕೈಗೆ ಕೊಟ್ಟಳು.

ಶನಿವಾರ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ನರ್ಸ್ ಬೆರಳು ತೋರಿಸಿ ಎಷ್ಟು ಎಂದಳು. ಅವನು ಸರಿಯಾಗಿ ಹೇಳಿದ. ಕಿಟಕಿಯಾಚೆ ಏನಿದೆ ಎಂದಳು. ಮಾವಿನ ಮರ, ಅದರ ಕೆಳಗೆ ಕಟ್ಟಿದ ಮೇಕೆ ಎಂದ. ತಂಗಿಯ ಕಡೆ ತಿರುಗಿ, “ನೀನು ಇಷ್ಟು ಮುದುಕಿ ಆದ್ಯಾ?” ಎಂದ.

“ನಿನ್ನ ಮುಖ ನೀನೇ ನೋಡ್ಕೊ ಹೋಗು,” ಎಂದಳು ಸೆಕೆಲಾ.

ಆಮೇಲೆ ಅವನು ಕೋಣೆಯನ್ನೆಲ್ಲ ಒಂದು ಕಣ್ಣಿನಿಂದ ಹುಡುಕಿದ. ಚಾಪೆ ಇತ್ತು, ಲೋಟ ಇತ್ತು. ಪಟ್ಟಿಯ ಕೊನೆಯ ಸುತ್ತು ಬಿಚ್ಚುತ್ತಿದ್ದಂತೆ, ಯಾರೂ ಹೇಳದೆ, ಅಂಗೆಟಿಲೆಯ ಕಾಲುಗಳೇ ಅವಳನ್ನು ಬಾಗಿಲ ಹಿಂದಕ್ಕೆ ಒಯ್ದಿದ್ದವು. ಬಟ್ಟೆಯ ಅಂಚು ಮಾತ್ರ ಹೊರಗೆ ಕಾಣುತ್ತಿತ್ತು.

“ನಾನು ಹಸು ಕೊಟ್ಟಿದ್ದು ಯಾರಿಗೆ?” ಎಂದ ಗ್ವಮಾಕ. “ಬಾಗಿಲಿಗಾ?”

ಬಾಗಿಲು ಅಲ್ಲಾಡಲಿಲ್ಲ.

“ಒಳ್ಳೇ ಹಾಲು ಕೊಡೋ ಹಸು. ಸುಮ್ನೆ ಹೋಯ್ತು.”

“ಬಂದೆ, ತಡೀರಿ,” ಎಂದಳು ಅವಳು ಬಾಗಿಲ ಹಿಂದಿನಿಂದ. ಮುಸುಕನ್ನು ಎರಡು ಸಲ ತೆಗೆದು, ಎರಡು ಸಲ ಹಾಕಿಕೊಂಡು, ಮೂರನೆಯ ಸಲ ಹೆಗಲ ಮೇಲೆ ಬಿಟ್ಟುಕೊಂಡು ಹೊರಗೆ ಬಂದು ನಿಂತಳು. ನೆಲವನ್ನೇ ನೋಡುತ್ತಿದ್ದಳು.

ಅವನು ಅವಸರ ಮಾಡದೆ ನೋಡಿದ. ಮಗನ ಮದುವೆಯಾಗಿ ಇಪ್ಪತ್ತು ವರ್ಷ, ಈ ಮುಖ ಅವನಿಗೆ ಹೊಸದು.

“ಇಷ್ಟು ಗಿಡ್ಡಾನಾ ನೀನು?” ಎಂದ ಕೊನೆಗೆ. “ಹೆಜ್ಜೆ ಕೇಳಿ ಎತ್ತರದ ಹೆಂಗಸು ಅಂದ್ಕೊಂಡಿದ್ದೆ.”

ಅಂಗೆಟಿಲೆ ತಲೆ ಎತ್ತಿದಳು. ಅವನ ಕಣ್ಣು ಕೆಂಪಗೆ, ನೀರು ತುಂಬಿ, ಅವಳ ಮೇಲೆ ನೆಟ್ಟಿತ್ತು.

“ನೀವೂ ಏನು ಮಹಾ ಎತ್ತರ ಇಲ್ಲ, ಮಾವ,” ಎಂದಳು.